ನಾನು ಕಳಿಸಿದ ಐದನೆಯ ಹೆಸರು

ಪ್ರತಿ ವರ್ಷ ದೀಪಾವಳಿ ಕಳೆದು ಒಂದೆರಡು ವಾರಕ್ಕೆ ನನಗೊಂದು ಪೋಸ್ಟ್ ಕಾರ್ಡು ಬರುತ್ತಿತ್ತು. ಬರೆಯುತ್ತಿದ್ದವರು ಒಂದು ಸರ್ಕಾರಿ ಖಾತೆಯ ಕಬಡ್ಡಿ ತಂಡದ ತರಬೇತುದಾರರು. ಕ್ಷೇಮ ಸಮಾಚಾರ ಏನೂ ಇರುತ್ತಿರಲಿಲ್ಲ. ‘ಈ ವರ್ಷ ಯಾರು?’ ಎಂಬ ಒಂದೇ ಸಾಲು, ಕೆಳಗೆ ಸಹಿ. ಎಂಬತ್ತರ ದಶಕದ ನಡುವಿನ ಮಾತು ಇದು. ನಾನು ಕುಂದಗೋಳ ಸೀಮೆಯ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮಾಸ್ತರನಾಗಿದ್ದೆ. ಆ ಖಾತೆಯ ತಂಡಕ್ಕೆ ಆಯ್ಕೆಯಾದವನಿಗೆ ಕಾಯಂ ನೌಕರಿಯೂ ಸಿಗುತ್ತಿತ್ತು. ಬೆಳಿಗ್ಗೆ ಕಚೇರಿ, ಸಂಜೆ ಆಟ, ಪಂದ್ಯಗಳಿದ್ದಾಗ ರೈಲಿನಲ್ಲಿ ದೇಶ ಸುತ್ತಾಟ. ನಮ್ಮ ಕಡೆಯ ಹುಡುಗರು ಕಬಡ್ಡಿಯನ್ನು ನಂಬಿ ಬದುಕುವುದಿದ್ದರೆ ಅದೊಂದೇ ದಾರಿ. ಆ ದಾರಿಯ ಬಾಗಿಲಲ್ಲಿ ನಾನು ಕೂತಿದ್ದೆ.

ನಾಲ್ಕು ವರ್ಷದಲ್ಲಿ ನಾಲ್ಕು ಹೆಸರು ಕಳಿಸಿದ್ದೆ. ನಾಲ್ವರೂ ಅಲ್ಲಿ ಗಟ್ಟಿಯಾಗಿ ನಿಂತರು. ಅಲ್ಲಿಂದ ನನ್ನ ಕಣ್ಣಿಗೆ ಒಂದು ಹೆಸರಾಯಿತು. ಎತ್ತು ಕೊಳ್ಳುವ ಮುಂಚೆ ನನ್ನನ್ನು ಸಂತೆಗೆ ಕರೆದೊಯ್ದವರಿದ್ದಾರೆ. ಒಬ್ಬರಂತೂ ಮಗಳಿಗೆ ಗೊತ್ತುಮಾಡಿದ ವರನನ್ನೇ ಮೈದಾನಕ್ಕೆ ಕರೆತಂದು ಒಂದು ಸಲ ಕಣ್ಣಾಡಿಸಿರಿ ಎಂದಿದ್ದರು. ಕಣ್ಣಾಡಿಸಿದೆ. ಹುಡುಗ ಚಲೋ ಇದ್ದ. ಮದುವೆಯಲ್ಲಿ ನನ್ನನ್ನು ಮೊದಲ ಪಂಕ್ತಿಗೆ ಕೂರಿಸಿದರು. ಇದನ್ನೆಲ್ಲ ನಗುತ್ತಾ ಹೇಳುತ್ತೇನೆ, ಆದರೆ ಆಗ ನನಗೆ ಇದು ನಗೆಯ ವಿಷಯವಾಗಿರಲಿಲ್ಲ. ನಾನು ತಪ್ಪುವವನಲ್ಲ ಎಂದು ಒಳಗೊಳಗೇ ನಂಬಿದ್ದೆ.

ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತಾರೆ. ನಾನು ಆ ಮಾತನ್ನು ಒಪ್ಪುತ್ತಿರಲಿಲ್ಲ. ನಮ್ಮ ಎರೆಮಣ್ಣಿನಲ್ಲಿ ಏನು ಬಿತ್ತಿದರೂ ಮೊಳಕೆ ಚೆನ್ನಾಗಿಯೇ ಬರುತ್ತದೆ. ಕಾಲೇಜಿನ ಆಟಗಾರರೂ ಹಾಗೆಯೇ. ಕಾಲೇಜು ಪಂದ್ಯದಲ್ಲಿ ಎದುರು ತಂಡದ ಏಳು ಜನರಲ್ಲಿ ಇಬ್ಬರಿಗೆ ಆಟ ಗೊತ್ತಿರುತ್ತದೆ, ಉಳಿದ ಐವರು ಹಾಜರಿಗಾಗಿ ಬಂದವರು. ಕಾಲಲ್ಲಿ ಓಟವಿದ್ದ ಹುಡುಗ ಆ ಐವರನ್ನೇ ಮುಟ್ಟಿ ಮುಟ್ಟಿ ಹೀರೋ ಆಗುತ್ತಾನೆ. ಖಾತೆಯ ತಂಡಗಳಲ್ಲಿ ಹಾಗಲ್ಲ. ಅಲ್ಲಿ ನಿಂತ ಏಳೂ ಜನ ತಂತಮ್ಮ ಕಾಲೇಜಿನ ಹೀರೋಗಳೇ. ಅಲ್ಲಿ ಓಟ ಸಾಲದು. ಅದಕ್ಕೇ ನಾನು ಪಾಯಿಂಟು ಎಣಿಸುತ್ತಿರಲಿಲ್ಲ. ಮೂರು ದಾಳಿ ಸತತ ಬರಿಗೈಯಲ್ಲಿ ವಾಪಸು ಬಂದವನು ನಾಲ್ಕನೆಯದಕ್ಕೆ ಹೇಗೆ ಹೋಗುತ್ತಾನೆ ಎಂದು ನೋಡುತ್ತಿದ್ದೆ. ಸಿಕ್ಕಿಬಿದ್ದು ಮಣ್ಣು ಕೊಡವಿಕೊಂಡು ಏಳುವಾಗ ಯಾರ ಮುಖ ನೋಡುತ್ತಾನೆ ಎಂದು ನೋಡುತ್ತಿದ್ದೆ. ಪ್ರೇಕ್ಷಕರ ಕಡೆ ನೋಡಿದರೆ ಅವನನ್ನು ಮನಸ್ಸಿನಲ್ಲೇ ತೆಗೆದುಹಾಕುತ್ತಿದ್ದೆ. ತನ್ನನ್ನು ಹಿಡಿದವನ ಕಾಲುಗಳನ್ನು ನೋಡಿದರೆ ಇನ್ನೊಂದು ವರ್ಷ ಕಾಯುತ್ತಿದ್ದೆ.

ಒಮ್ಮೆ ಇಡೀ ತಾಲೂಕು ಹೊತ್ತು ಮೆರೆಸುತ್ತಿದ್ದ ಒಬ್ಬನನ್ನು ನಾನು ಬೇಡ ಎಂದೆ. ಜಿಗಿತದವನು. ತಲೆಯ ಮೇಲಿಂದ ಹಾರುತ್ತಿದ್ದ. ಮನೆಯವರು ಸಿಟ್ಟಾಗಿ, ಬೇರೆ ಯಾರನ್ನೋ ಹಿಡಿದು ಬೇರೆ ತಂಡಕ್ಕೆ ಸೇರಿಸಿದರು. ಮುಂದಿನ ಬಿತ್ತಿಗೆಯ ಹೊತ್ತಿಗೆ ಅವನು ಊರಲ್ಲಿ ಕೂರಿಗೆ ಹಿಡಿದಿದ್ದ. ನನಗೆ ಖುಷಿಯಾಯಿತು. ಒಬ್ಬ ಹುಡುಗ ಸೋತು ಬಂದದ್ದಕ್ಕೆ ಮಾಸ್ತರನಿಗೆ ಖುಷಿಯಾಗಬಾರದು. ಆದರೂ ಆಯಿತು.

ಐದನೆಯ ಹೆಸರು ಕುಬಿಹಾಳದ ಹುಡುಗನದು. ಬಿ.ಎ. ಕೊನೆಯ ವರ್ಷ. ಮನೆಯಲ್ಲಿ ಒಂದಿಷ್ಟು ಹೊಲ, ಒಂದು ಕುರಿಹಿಂಡು. ಓದಿನಲ್ಲಿ ಅಷ್ಟಕ್ಕಷ್ಟೇ. ಕಾಲೇಜು ಮುಗಿದರೆ ಆಯ್ಕೆಯ ದಾರಿಯೂ ಮುಗಿಯುತ್ತಿತ್ತು. ಊರಿನ ತಂಡಗಳಿಂದ ಯಾರನ್ನೂ ಯಾವ ಖಾತೆಯೂ ಕರೆಯುತ್ತಿರಲಿಲ್ಲ. ಒಂದು ದಿನ ಸುಣ್ಣದ ಗೆರೆ ಹಾಕುವಾಗ ಅವನಾಗಿಯೇ ನನ್ನ ಬಳಿ ಬಂದು ಹೇಳಿದ್ದ:

“ಆಡೂದ ಬಿಟ್ರ ನನಗ ಬ್ಯಾರೆ ಏನೂ ಬರೂದಿಲ್ರಿ ಸರ. ಈ ಸಲ ನನ್ನ ಹೆಸರು ಬರೀರಿ.”

ಮೂರು ವರ್ಷದಲ್ಲಿ ಅವನು ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ಅವನು ಮಾತಾಡುತ್ತಿರಲಿಲ್ಲ. ಮಾತಾಡಿದರೂ ಎದುರಿನವರು ಬಗ್ಗಿ ಕೇಳಬೇಕಾಗುತ್ತಿತ್ತು. ಹೊಲದಲ್ಲಿ ಕುರಿಗಳನ್ನು ಹೇಗೆ ಕರೆಯುತ್ತಿದ್ದನೋ ಗೊತ್ತಿಲ್ಲ. ಆದರೆ ನಾನು ಮೈದಾನದಲ್ಲಿ ನೋಡಬೇಕೆಂದುಕೊಂಡಿದ್ದೆಲ್ಲ ಅವನಲ್ಲಿತ್ತು. ಬರಿಗೈಯಲ್ಲಿ ವಾಪಸು ಬಂದರೆ ಮುಖ ಬದಲಾಗುತ್ತಿರಲಿಲ್ಲ. ಮೂಲೆಯವನ ಪಾದ ಯಾವ ಕಡೆ ತಿರುಗಿದೆ ಎಂದು ನೋಡುತ್ತಾ, ಆತುರವಿಲ್ಲದೆ, ಹಿತ್ತಲಲ್ಲಿ ಓಡಾಡಿದವನಂತೆ ಹೋಗಿ ಮುಟ್ಟಿ ಬರುತ್ತಿದ್ದ.

ಒಂದು ಕೊರತೆ ಇತ್ತು. ದಾಳಿಗೆ ಹೋದವನು ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಅನ್ನುತ್ತಲೇ ಇರಬೇಕು, ಅದು ಅಂಪೈರಿಗೆ ಕೇಳಿಸಬೇಕು. ನಮ್ಮ ಕಡೆ ಅದಕ್ಕೆ ದಮ್ಮು ಹಿಡಿಯುವುದು ಎನ್ನುತ್ತಾರೆ. ಈ ಹುಡುಗನ ದಮ್ಮು ಯಾರಿಗೂ ಕೇಳಿಸುತ್ತಿರಲಿಲ್ಲ. ತುಟಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು. ಮೊದಲ ವರ್ಷ ನನಗೂ ಸಂಶಯ ಬಂದು, ಅವನ ಬಾಯಿಗೆ ಕಿವಿ ಹಚ್ಚಿಕೊಂಡು ಮೈದಾನದ ಉದ್ದಕ್ಕೂ ಜೊತೆಗೆ ನಡೆದೆ. ಉಸಿರು ಎಲ್ಲಿಯೂ ತುಂಡಾಗಲಿಲ್ಲ, ಮಾತೂ ತಪ್ಪಲಿಲ್ಲ. ಅಲ್ಲಿಗೆ ನನ್ನ ಸಂಶಯ ಮುಗಿಯಿತು. ನಮ್ಮ ಮೈದಾನದ ಪಂದ್ಯಗಳಿಗೆ ನಾನೇ ಅಂಪೈರು. ಎದುರು ತಂಡದವರು ಅವನು ಬಾಯೇ ಬಿಡುವುದಿಲ್ಲ ಎಂದು ದೂರಿದರೆ, ಅವನು ಕಳ್ಳ ದಮ್ಮಿನವನಲ್ಲ, ಸುಮ್ಮನೆ ಆಡಿರಿ ಎಂದು ಗದರುತ್ತಿದ್ದೆ. ಸುತ್ತಲಿನ ಊರುಗಳಲ್ಲಿಯೂ ಅದೇ ನಡೆಯಿತು. ಹುಡುಗ ಪ್ರಾಮಾಣಿಕ ಎಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದ ಮೇಲೆ ಕೇಳಿಸಿಕೊಳ್ಳುವುದೇನಿದೆ?

ಧಾರವಾಡದಲ್ಲಿ ಕಾಲೇಜುಗಳ ನಡುವಿನ ಪಂದ್ಯವೊಂದರಲ್ಲಿ ಮಾತ್ರ ಅಂಪೈರ್ ಸೀಟಿ ಊದಿ ಅವನನ್ನು ತಡೆದ. ಆ ಅಂಪೈರೂ ನನ್ನ ಹಾಗೆ ಮಾಸ್ತರ, ನನ್ನ ಗೆಳೆಯ. ವಿರಾಮದಲ್ಲಿ ಗೆಳೆಯನ ಹೆಗಲ ಮೇಲೆ ಕೈ ಹಾಕಿ, ಹುಡುಗನ ದನಿಯೇ ಅಷ್ಟು, ತುಟಿ ನೋಡು ಸಾಕು ಎಂದೆ. ಗೆಳೆಯ ಒಪ್ಪಿದ. ನಾವು ಗೆದ್ದೆವು. ಆ ಹೊತ್ತಿನಲ್ಲಿ ನಾನು ಹುಡುಗನ ಹೆಗಲ ಮೇಲೆ ಕೈ ಹಾಕಿ ದನಿ ಏರಿಸು ಎಂದಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ಹೇಳುವ ಅಗತ್ಯ ಕಾಣಲಿಲ್ಲ. ಮೂರು ವರ್ಷದಲ್ಲಿ ಒಂದು ದಿನವೂ ಹೇಳಲಿಲ್ಲ.

ಅಷ್ಟೇ ಅಲ್ಲ, ಅದನ್ನು ಗುಣವೆಂದೇ ತಿಳಿದೆ. ದನಿ ಕೇಳಿಸದ್ದರಿಂದ ಅವನ ಉಸಿರು ಯಾವಾಗ ಮುಗಿಯುತ್ತದೆ ಎಂದು ಹಿಡಿಯುವವರಿಗೆ ಅಂದಾಜಾಗುತ್ತಿರಲಿಲ್ಲ. ಅವರು ತಡಮಾಡುತ್ತಿದ್ದರು, ಅಷ್ಟರಲ್ಲಿ ಇವನು ಗೆರೆ ದಾಟಿರುತ್ತಿದ್ದ. ತರಬೇತುದಾರರಿಗೆ ಉತ್ತರ ಬರೆಯುವಾಗ ಈ ಮಾತನ್ನೂ ಸೇರಿಸಿದೆ. ‘ಈ ತನಕ ಕಳಿಸಿದ ನಾಲ್ವರಿಗಿಂತಲೂ ಇವನು ಮೇಲು’ ಎಂದು ಕೊನೆಗೆ ಬರೆದೆ. ಅದು ಈಗಲೂ ಸುಳ್ಳಲ್ಲ.

ಹುಬ್ಬಳ್ಳಿಯಲ್ಲಿ ಆಯ್ಕೆ ಎಂದು ಪತ್ರ ಬಂತು. ದಾಳಿ ಮಾಡುವವನ ಜಾಗ ಒಂದೇ ಖಾಲಿ ಇತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುವ ಹಾಗೆ, ಗೆಳೆಯರು ಅವನನ್ನು ಆಗಲೇ ಸಾಹೇಬರು ಎಂದು ಕರೆಯತೊಡಗಿದ್ದರು. ಅವನು ತಲೆ ತಗ್ಗಿಸಿ ನಗುತ್ತಿದ್ದ. ಬೆಳಗಿನ ಬಸ್ಸಿಗೆ ನಾವಿಬ್ಬರೂ ಹೋದೆವು. ಮನೆಯಿಂದ ಕಟ್ಟಿಸಿಕೊಂಡು ಬಂದ ರೊಟ್ಟಿ, ಶೇಂಗಾ ಚಟ್ನಿಯನ್ನು ಮೊದಲು ನನಗೆ ಕೊಟ್ಟು ಆಮೇಲೆ ತಾನು ತಿಂದ.

ಆ ದಿನದ ಅಂಪೈರ್ ಯಾವ ಊರಿನವನೋ, ನಮ್ಮ ಗುರುತಿನವನಲ್ಲ. ಮೊದಲ ದಾಳಿಯಲ್ಲೇ ಹುಡುಗ ಇಬ್ಬರನ್ನು ಮುಟ್ಟಿ ಬಂದ. ತರಬೇತುದಾರರು ನನ್ನ ಕಡೆ ನೋಡಿ ಹುಬ್ಬು ಏರಿಸಿದರು. ಅಷ್ಟರಲ್ಲಿ ಸೀಟಿ. ದಮ್ಮು ಕೇಳಿಸಲಿಲ್ಲ, ಮುಟ್ಟಿದ್ದು ಲೆಕ್ಕಕ್ಕಿಲ್ಲ, ಸರದಿ ಎದುರು ತಂಡಕ್ಕೆ. ಎರಡನೆಯ ದಾಳಿಗೂ ಸೀಟಿ. ಹುಡುಗ ನನ್ನನ್ನು ನೋಡಿದ. ದನಿ ಏರಿಸು ಎಂದು ಕೈಸನ್ನೆ ಮಾಡಿದೆ. ಮೂರನೆಯದಕ್ಕೆ ಅವನು ಗಟ್ಟಿಯಾಗಿ ಅನ್ನಲು ಹೋದ. ಅಭ್ಯಾಸವಿಲ್ಲದ ದನಿ ಒಡೆಯಿತು, ಉಸಿರು ಅರ್ಧಕ್ಕೇ ಮುಗಿಯಿತು, ಗೆರೆಗೆ ಒಂದು ಮಾರು ದೂರದಲ್ಲಿ ಹಿಡಿದು ಕೆಡವಿದರು. ಆಗಲೂ ಅವನು ಹಿಡಿದವನ ಕಾಲುಗಳನ್ನೇ ನೋಡುತ್ತಾ ಎದ್ದ.

ತರಬೇತುದಾರರು ಅವನನ್ನು ಬದಿಗೆ ಕರೆದರು. ಬೆಂಗಳೂರು ಕಡೆಯವರು, ಸಿಟ್ಟಿನವರಲ್ಲ. ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ನನ್ನನ್ನು ಕೇಳಿದರು:

“ಏನು ಮೇಷ್ಟ್ರೇ, ಮೂರು ವರ್ಷದಲ್ಲಿ ಇದನ್ನ ಇವನಿಗೆ ಯಾರೂ ಹೇಳಲಿಲ್ವಾ?”

ಸುತ್ತ ಬೇರೆ ಕಾಲೇಜಿನ ನಾಲ್ಕೈದು ಮಾಸ್ತರರು ನಿಂತಿದ್ದರು. ಎಲ್ಲರಿಗೂ ನನ್ನ ಕಣ್ಣಿನ ಖ್ಯಾತಿ ಗೊತ್ತಿತ್ತು.

“ಭಾಳ ಸಲ ಹೇಳೇನ್ರಿ,” ಎಂದೆ. “ಹೇಳಿದ್ದು ಕೇಳಂಗಿಲ್ಲ ಇವಾ.”

ಯೋಚಿಸಿ ಆಡಿದ ಮಾತಲ್ಲ. ಆದರೆ ಬಾಯಿಂದ ಬಂದ ಮೇಲೆ ಯೋಚಿಸಲು ಸಮಯವಿತ್ತು. ತರಬೇತುದಾರರು ಹುಡುಗನ ಕಡೆ ತಿರುಗಿ, ಹೌದೇನಪ್ಪಾ ಎಂದು ಕೇಳಿದರು. ಅವನು ಒಂದು ಸಲ ನನ್ನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿತ್ತೇ ಎಂದು ಎಷ್ಟೋ ಸಲ ನೆನಪು ಮಾಡಿಕೊಂಡಿದ್ದೇನೆ. ಇರಲಿಲ್ಲ. ಪಾಠದಲ್ಲಿ ತಿಳಿಯದ್ದನ್ನು ಕೇಳುವವರ ನೋಟ ಅದು.

“ಹೌದ್ರಿ,” ಎಂದ. “ಸರ ಹೇಳ್ಯಾರ್ರಿ. ನಾನ ಕೇಳಿಲ್ಲ.”

ಅದು ಎಲ್ಲರಿಗೂ ಕೇಳಿಸಿತು.

ತರಬೇತುದಾರರು ನನ್ನ ಕಡೆ ತಿರುಗಿ ಹೇಳಿದರು: “ದನಿ ಏರಿಸೋದನ್ನ ಒಂದು ತಿಂಗಳಲ್ಲಿ ನಾನೇ ಕಲಿಸ್ತಿದ್ದೆ ಮೇಷ್ಟ್ರೇ. ಅಂಥ ಕಾಲು ನಾನು ನೋಡಿಲ್ಲ. ಆದ್ರೆ ಗುರುಗಳು ಹೇಳಿದ್ದನ್ನ ಮೂರು ವರ್ಷ ಕೇಳದೇ ಇದ್ದೋನನ್ನ ತಂಡದಲ್ಲಿ ಇಟ್ಕೊಂಡು ಏನು ಮಾಡ್ಲಿ?”

ಹಾಗಾದರೆ ದನಿಯಿಂದಾಗಿ ಅವನು ಕೆಲಸ ಕಳೆದುಕೊಳ್ಳುತ್ತಿರಲಿಲ್ಲ. ಅದು ನನಗೆ ಅಲ್ಲಿಯೇ, ನಿಂತ ಜಾಗದಲ್ಲಿಯೇ ತಿಳಿಯಿತು. ನಾನು ಹೇಳಿಲ್ಲ ಸರ್, ತಪ್ಪು ನನ್ನದು ಎಂದರೆ ಮುಗಿಯುತ್ತಿತ್ತು. ಕೂತ ಕಾಲಿಗೆ ಜೋಮು ಹಿಡಿದರೆ ಅದು ನಮ್ಮದೇ ಕಾಲು ಎಂದು ಗೊತ್ತಿದ್ದರೂ ಎತ್ತಲು ಬರುವುದಿಲ್ಲವಲ್ಲ, ನನ್ನ ನಾಲಿಗೆಗೆ ಹಾಗಾಯಿತು. ತರಬೇತುದಾರರು ಕಾಯಲಿಲ್ಲ. ಬೇರೆ ಕಾಲೇಜಿನ ಒಬ್ಬನನ್ನು ಕರೆದು ಅಂಗಿ ಬಿಚ್ಚಿ ಅಂಗಳಕ್ಕಿಳಿ ಎಂದರು. ನಾನು ಹೋಗಿ ಚಹಾ ಕುಡಿದೆ.

ವಾಪಸು ಬರುವ ಬಸ್ಸಿನಲ್ಲಿ ಹುಡುಗ ನನಗೆ ಕಿಟಕಿಯ ಬದಿಯ ಜಾಗ ಹಿಡಿದು ಕೊಟ್ಟ. ಅವನು ಬೈಯಲಿ, ಕಡೇಪಕ್ಷ ಯಾಕೆ ಹಾಗಂದಿರಿ ಎಂದು ಕೇಳಲಿ ಎಂದು ಕಾದೆ. ಅವನು ಎದುರಿನ ಸೀಟಿನ ಕಂಬಿ ಹಿಡಿದುಕೊಂಡು ಕೂತಿದ್ದ. ಕುಸುಬೆ ಹೊಲಗಳು, ಜೋಳದ ಹೊಲಗಳು ಬಂದವು, ಹೋದವು. ನನಗೆ ಏನೂ ಅನಿಸುತ್ತಿರಲಿಲ್ಲ. ಪಶ್ಚಾತ್ತಾಪವೆಂದರೆ ಎದೆ ಉರಿಯುತ್ತದೆ ಎನ್ನುತ್ತಾರೆ, ನನ್ನದು ಉರಿಯಲಿಲ್ಲ. ಆ ದಿನವಷ್ಟೇ ಅಲ್ಲ, ಆಮೇಲೂ ಬಹಳ ವರ್ಷ ಏನೂ ಅನಿಸಲಿಲ್ಲ. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಮುಂದಿನ ದೀಪಾವಳಿ ಕಳೆದ ಮೇಲೆ ಪೋಸ್ಟ್ ಕಾರ್ಡು ಬಂತು, ಆರನೆಯ ಹೆಸರು ಬರೆದೆ. ಅವನು ಆಯ್ಕೆಯಾದ. ನನ್ನ ಕಣ್ಣಿನ ಖ್ಯಾತಿಗೆ ಏನೂ ಆಗಲಿಲ್ಲ. ಕುಬಿಹಾಳದವನ ವಿಷಯ ಬಂದರೆ ಜನ, ಮಾಸ್ತರರು ಸರಿಯಾಗಿಯೇ ಆರಿಸಿದ್ದರು, ಹುಡುಗನೇ ಕೆಡಿಸಿಕೊಂಡ ಎನ್ನುತ್ತಿದ್ದರು.

ಹುಬ್ಬಳ್ಳಿಯಿಂದ ವಾಪಸು ಬಂದ ಮೇಲೆ ಅವನು ಮೈದಾನಕ್ಕೆ ಬರಲಿಲ್ಲ. ಪರೀಕ್ಷೆಗೆ ಆಗ ಇನ್ನೂ ಕೆಲವು ವಾರವಿತ್ತು. ಒಂದು ಮಧ್ಯಾಹ್ನ ನಾನು ಚೆಂಡು, ಬಲೆಗಳನ್ನು ಇಡುವ ಕೋಣೆಯಲ್ಲಿ ಕೂತಿದ್ದಾಗ ಒಬ್ಬ ಹಿರಿಯ ಬಾಗಿಲಲ್ಲಿ ನಿಂತ. ತಲೆಗೆ ಪಟಗ, ಹೆಗಲ ಮೇಲೆ ಕಂಬಳಿ. ಕುಬಿಹಾಳದ ಹುಡುಗನ ಅಪ್ಪ ತಾನು ಎಂದು ಹೇಳಿದ. ಕುರ್ಚಿ ತೋರಿಸಿದೆ, ಕೂರಲಿಲ್ಲ. ಮಗ ಮನೆಯಲ್ಲಿ ಎಲ್ಲವನ್ನೂ ಹೇಳಿದ್ದಾನೆ ಎಂದ. ನಾನು ಎದ್ದು ನಿಂತೆ. ಈಗ ಬಂತು ಎಂದುಕೊಂಡೆ, ಬರಲಿ ಎಂದೂ ಅನಿಸಿತು. ಆ ವರ್ಷಗಳಲ್ಲಿ ನನಗೆ ಏನಾದರೂ ಅನಿಸಿದ್ದು ಅದೊಂದೇ ಸಲ.

“ನೀವು ಮೂರು ವರ್ಷ ಬಡಕೊಂಡ್ರೂ ಅವಾ ನಿಮ್ಮ ಮಾತು ಕೇಳಲಿಲ್ಲಂತ್ರಿ,” ಎಂದ ಅಪ್ಪ. “ನಿಮ್ಮನ್ನ ದೊಡ್ಡ ಮಂದಿ ಮುಂದ ತಲಿ ತಗ್ಗಿಸೂಹಂಗ ಮಾಡ್ಯಾನ. ಅದಕ್ಕ ನಿಮ್ಮ ಮುಂದ ಬರಾಕ ಅವಂಗ ಮಾರಿ ಇಲ್ರಿ. ಅವನ ಸಲುವಾಗಿ ನಾ ಬಂದೇನ್ರಿ. ತಪ್ಪಾತು, ಹೊಟ್ಟ್ಯಾಗ ಹಾಕೋರಿ.”

ಕಂಬಳಿಯನ್ನು ಸರಿಸಿ ಎರಡೂ ಕೈ ಜೋಡಿಸಿದ. ನನಗಿಂತ ಇಪ್ಪತ್ತು ವರ್ಷಕ್ಕಾದರೂ ಹಿರಿಯ.

“ಇರಲಿ ಬಿಡ್ರಿ,” ಎಂದೆ. “ಸಣ್ಣ ಹುಡುಗ.”

ಅವನ ಮುಖ ಹಗುರಾಯಿತು. ಮಗ ಅವತ್ತಿನಿಂದ ಸರಿಯಾಗಿ ಉಣ್ಣುತ್ತಿಲ್ಲ ಎಂದು ಆಗ ಹೇಳಿದ. ಆಮೇಲೆ, “ಸರ ಕ್ಷಮಾ ಮಾಡ್ಯಾರ ಅಂತ ಇವತ್ತ ಅವಂಗ ಹೇಳ್ತೇನ್ರಿ,” ಎಂದು ಹೇಳಿ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದ.

ಹೇಳಿಯೇ ಇರುತ್ತಾನೆ.