ಕರಿ ಕಾರಿಗೆ ಮರಿಯುಣ್ಣೆ

ರಾಯದುರ್ಗದಲ್ಲಿ ಬಳ್ಳಾರಿ ರಸ್ತೆಗೆ ನಮ್ಮದೊಂದು ತಗಡಿನ ಶೆಡ್ಡಿದೆ. ಗುದ್ದಿಸಿಕೊಂಡು ಬಂದ ಗಾಡಿಗಳ ತಗ್ಗು ಎತ್ತಿ ಬಣ್ಣ ಹೊಡೆಯುವುದು ನನ್ನ ಗಂಡನ ಕೆಲಸ. ಬಣ್ಣ ಒಣಗಿದ ಮೇಲೆ ಪಾಲಿಶ್ ಮಾಡುವುದು ನನ್ನದು. ಅದಕ್ಕೂ ಮೊದಲು ಊರಿನ ಒಂದು ಜೀನ್ಸ್ ಘಟಕದಲ್ಲಿದ್ದೆ. ಹೊಸ ಪ್ಯಾಂಟಿನ ಮೊಣಕಾಲಿಗೆ ಸ್ಯಾಂಡ್‌ಪೇಪರ್ ಉಜ್ಜಿ ಹಳೆಯದು ಮಾಡುವ ವಿಭಾಗ ನಮ್ಮದು. ಹೊಸದನ್ನು ಹಳೆಯದು ಮಾಡಿ ಮಾಡಿ ಬೇಜಾರಾಗಿ, ಹಳೆಯದನ್ನು ಹೊಸದು ಮಾಡುವ ಕಡೆ ಬಂದೆ ಎಂದು ನೆಂಟರ ಮುಂದೆ ಹೇಳಿಕೊಂಡು ನಗುತ್ತೇನೆ.

ಆ ಬೆಳಿಗ್ಗೆ ಶೆಡ್ಡಿನ ಮುಂದೆ ಒಂದು ಕರಿ ಕಾರು ಬಂದು ನಿಂತಿತು. ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡಂತೆ ಮೈ, ಮುಂದೆ ಉದ್ದನೆಯ ಮೂತಿ. ಟಿವಿಯಲ್ಲಿ ಬಿಟ್ಟರೆ ಅಂಥ ಸ್ಪೋರ್ಟ್ಸ್ ಕಾರನ್ನು ನಾನು ಹತ್ತಿರದಿಂದ ಕಂಡಿರಲಿಲ್ಲ. ಇಳಿಯುವವರು ಯಾರೋ ಸಾಹುಕಾರರ ಮಗನಿರಬೇಕು ಅಂದುಕೊಂಡೆ. ಬಾಗಿಲು ತೆರೆದು, ಒಂದು ಕೈಯಿಂದ ಸೊಂಟ ಹಿಡಿದುಕೊಂಡು, ನಿಧಾನವಾಗಿ ಮೇಲೆದ್ದವರು ನೆರೆತ ಮೀಸೆಯ ಒಬ್ಬ ಹಿರಿಯರು. ಮದುವೆಯಾದ ಹೊಸದರಲ್ಲಿ ಮಡಕಶಿರಾ ಕಡೆಯ ತವರಿಗೆ ಹೋಗಿ ಬರುವಾಗ ನಾನು ಎಷ್ಟೋ ಸಲ ಹತ್ತಿದ ಬಸ್ಸಿನ ಡ್ರೈವರು.

ಅವರಿಗೂ ಗುರುತು ಸಿಕ್ಕಿತು. "ನೀವು ಮಡಕಶಿರಾದ ಹೆಣ್ಮಗಳಲ್ರಿ? ಹಿಂದಿನ ಸೀಟಿನ್ಯಾಗ ಕುಂತು ವಾಂತಿ ಮಾಡ್ಕೊತಿದ್ರಿ."

ಗಂಡ ನಕ್ಕ. ನನಗೆ ಮುಖ ಕೆಂಪಾಯಿತು.

ರಿಟೈರಾದ ಮೇಲೆ ಸೆಕೆಂಡ್ ಹ್ಯಾಂಡಿನಲ್ಲಿ ತಗೊಂಡರಂತೆ. ಐವತ್ತು ಜನ ಕೂರುವ ಗಾಡಿ ಓಡಿಸಿ ಸಾಕಾಗಿ ಇಬ್ಬರಷ್ಟೇ ಕೂರುವ ಗಾಡಿ ಬೇಕೆನಿಸಿತ್ತಂತೆ. ಈಗ ಅವರಿಗೆ ಒಂದು ಕೊರಗು. "ದಿನಾ ಒರಸ್ತೀನ್ರಿ. ಒರಸಿದಷ್ಟೂ ಮಂಕಾಗ್ತೈತಿ. ಯಾಕ?"

ನಾನು ಕಾರನ್ನು ಬಿಸಿಲಿಗೆ ತರಿಸಿದೆ. ಬಾನೆಟ್ಟಿನ ಮೇಲೆ ಸೂರ್ಯನ ಪ್ರತಿಬಿಂಬ ಬಿದ್ದಿತ್ತು. ಅದರ ಸುತ್ತ ಕೂದಲೆಳೆಯಂಥ ಗೆರೆಗಳು, ಒಂದರ ಹೊರಗೊಂದು ಸುತ್ತು ಹಾಕಿ, ಜೇಡರ ಬಲೆಯ ಹಾಗೆ ಮಿನುಗುತ್ತಿದ್ದವು. ಬಿಳಿ ಕಾರುಗಳಲ್ಲೂ ಇಂಥ ಗೆರೆ ಇರುತ್ತವೆ, ಕಾಣುವುದಿಲ್ಲ. ಕರಿ ಬಣ್ಣ ಏನನ್ನೂ ಮುಚ್ಚಿಡುವುದಿಲ್ಲ.

ಆದರೆ ನನಗೆ ಸೋಜಿಗವಾದದ್ದು ಬೇರೆ. ನಾನು ಒಂದು ಹೆಜ್ಜೆ ಎಡಕ್ಕೆ ಸರಿದರೆ ಬಲೆಯೂ ನನ್ನ ಜೊತೆ ಎಡಕ್ಕೆ ಸರಿಯಿತು. ಬಗ್ಗಿದರೆ ತಾನೂ ಕೆಳಗಿಳಿಯಿತು. ಗೀರು ಬಣ್ಣದಲ್ಲಿದ್ದರೆ ಅದು ಹೇಗೆ ನಡೆಯುತ್ತದೆ? ಅವರನ್ನು ಕೇಳಿದೆ, "ನೀವು ಸುತ್ತಿಸಿ ಸುತ್ತಿಸಿ ಒರಸ್ತೀರಾ?"

"ಇಲ್ರೀ, ನೆಟ್ಟಗ. ಬಸ್ಸಿನ ಗ್ಲಾಸ್ ಒರಸಿದಂಗ."

ನೆಟ್ಟಗೆ ಒರೆಸಿದರೆ ದುಂಡು ಗೆರೆ ಯಾಕೆ? ಊಟ ಬಿಟ್ಟು, ಶೆಡ್ಡಿನಲ್ಲಿ ಬಿದ್ದಿದ್ದ ಒಂದು ಹಳೆಯ ಕರಿ ಬಾನೆಟ್ಟನ್ನು ಮುಂದಿಟ್ಟುಕೊಂಡು ಕೂತೆ. ಒಣ ಬಟ್ಟೆಗೆ ಧೂಳು ಮುಟ್ಟಿಸಿ ಒಂದೇ ದಿಕ್ಕಿಗೆ ಉಜ್ಜಿದೆ, ಬಿಸಿಲಿಗೆ ಹಿಡಿದೆ. ಆಮೇಲೆ ಅಡ್ಡ ಉಜ್ಜಿದೆ, ಮತ್ತೆ ಹಿಡಿದೆ. ಆಮೇಲೆ ಹೇಗೆಂದರೆ ಹಾಗೆ. ಆಗ ತಿಳಿಯಿತು. ನೆಟ್ಟಗೆ ಒರೆಸಿದರೂ ದಿನ ಕಳೆದಂತೆ ಧೂಳಿನ ಗೀರುಗಳು ಎಲ್ಲ ದಿಕ್ಕಿಗೂ ಬೀಳುತ್ತವೆ, ಆದರೆ ಬೆಳಕಿಗೆ ಅಡ್ಡ ಬಿದ್ದವು ಮಾತ್ರ ಹೊಳೆಯುತ್ತವೆ. ಆ ಹೊಳೆದ ತುಂಡುಗಳನ್ನೆಲ್ಲ ನಮ್ಮ ಕಣ್ಣು ಸೇರಿಸಿಕೊಂಡು ಸುತ್ತು ಮಾಡುತ್ತದೆ. ದುಂಡು ಇರುವುದು ಬಣ್ಣದಲ್ಲಲ್ಲ, ನಾವು ನಿಂತ ಜಾಗದಲ್ಲಿ. ಗಂಡನನ್ನು ಕರೆದು ತೋರಿಸಿದೆ. ಅವನು ಅತ್ತ ಇತ್ತ ತಲೆ ಆಡಿಸಿ ನೋಡಿ, "ಹೌದಲ್ಲ!" ಅಂದ. ಡ್ರೈವರು ಮಾತ್ರ, "ಅದಿರ‍್ಲಿ, ಹೋಗ್ತಾವೇನ್ರಿ?" ಅಂದರು.

ಹೋಗುತ್ತವೆ. ಪಾಲಿಶ್ ಅಂದರೆ ಗೀರಿನೊಳಗೆ ಏನೋ ತುಂಬುವುದು ಎಂದು ಜನ ತಿಳಿಯುತ್ತಾರೆ. ತುಂಬುವುದಲ್ಲ, ಸುತ್ತಲಿನ ಮೇಲ್ಪದರವನ್ನೇ ಗೀರಿನ ಆಳಕ್ಕೆ ಒಂದಿಷ್ಟು ಇಳಿಸುವುದು. ಮೊದಲು ಉಣ್ಣೆಯ ಬಿಲ್ಲೆ, ಆಮೇಲೆ ಸ್ಪಂಜಿನ ಬಿಲ್ಲೆ, ಎರಡನ್ನೂ ಮಷೀನಿಗೆ ಹಚ್ಚಿ ತಿರುಗಿಸಬೇಕು. ನಮ್ಮ ಉಣ್ಣೆಯ ಬಿಲ್ಲೆ ಸವೆದು ಬೋಳಾಗಿತ್ತು. ಹೊಸದು ಬೆಂಗಳೂರಿನಿಂದ ಬರಬೇಕು.

"ಉಣ್ಣೆ ಅಂದ್ರ ಕುರಿದಲ್ರಿ?" ಅಂದರು ಡ್ರೈವರು. "ನಿಮ್ಮ ತವರಿನ್ಯಾಗ ಕುರಿ ಇದ್ದುವಲ್ಲ. ಬಸ್ಸಿಗೆ ಅಡ್ಡ ಬರ‍್ತಿದ್ದುವು."

ಹೌದು, ಅವ್ವ ಈಗಲೂ ಕುರಿ ಸಾಕುತ್ತಾಳೆ. ಆ ಉಣ್ಣೆ ಕಂಬಳಿಗೆ ಹೋಗುತ್ತದೆ. ಅದು ಕಾರಿಗೆ ಆಗುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದೇ ತಲೆ ಕೊರೆಯತೊಡಗಿತು. ಗಂಡ, "ಹೋಗಿ ಬಾ, ನನಗಂತೂ ಸೀಟಿಲ್ಲ," ಅಂದ.

ಮರುದಿನ ಬೆಳಿಗ್ಗೆ ಡ್ರೈವರ ಕಾರಿನಲ್ಲೇ ಕಲ್ಯಾಣದುರ್ಗದ ಮೇಲೆ ಹೊರಟೆವು. ಅಷ್ಟು ಕೆಳಗೆ ಕೂತು ಆ ದಾರಿಯನ್ನು ನಾನು ಎಂದೂ ನೋಡಿರಲಿಲ್ಲ. ಸೇಂಗಾ ಹೊಲಗಳು ಕಣ್ಣಿನ ಮಟ್ಟಕ್ಕೇ ಬಂದವು. ರಸ್ತೆಯ ಪ್ರತಿ ಉಬ್ಬಿಗೂ ಡ್ರೈವರು ಉಸಿರು ಹಿಡಿದು ಓರೆಯಾಗಿ ಹತ್ತಿಸುತ್ತಿದ್ದರು. ಚಹಾಕ್ಕೆ ನಿಲ್ಲಿಸಿದಾಗ ಜನ ಸುತ್ತುವರಿದರು. ಒಬ್ಬರು ತೆಲುಗಿನಲ್ಲಿ, "ಮೈಲೇಜ್ ಎಂತ ಇಸ್ತುಂದಿ?" ಎಷ್ಟು ಕೊಡುತ್ತದೆ ಎಂದು ಕೇಳಿದರು. ಡ್ರೈವರು ಗಂಭೀರವಾಗಿ, "ಅಡಗವದ್ದು," ಕೇಳಬೇಡಿ ಎಂದರು.

ಮತ್ತೆ ಹೊರಟಾಗ ನಾನು ಕೇಳಿದೆ, "ಈ ಧೂಳಿನ ಸೀಮೇಲಿ ಕರೀದೇ ಯಾಕೆ ತಗಂಡ್ರಿ?"

ಡ್ರೈವರು ಗೇರ್ ತಗ್ಗಿಸಿದರು. "ಬಸ್ಸಿನ್ಯಾಗ ನನ್ನ ಕಣ್ಣು ಯಾವಾಗ್ಲೂ ಮುಂದ. ರೋಡು, ಆಡು, ಕುರಿ, ಎದುರಿನ ಲಾರಿ. ಮೋಡ ಹ್ಯಾಂಗಿತ್ತು ಅಂತ ಒಂದಿನ ನೋಡ್ಲಿಲ್ರಿ. ಕರಿ ಗಾಡಿ ಮುಂದ ನಿಂತ್ರ ಮೋಡ ಬಾನೆಟ್ಟಿನ್ಯಾಗ ಇರ‍್ತೈತಿ. ಅದನ್ನ ನೋಡಾಕ ತಗೊಂಡೆ. ಈಗ ಅದೂ ಕಾಣವಲ್ದು."

ಮಡಕಶಿರಾ ದಾಟಿ, ದೂರಕ್ಕೆ ರತ್ನಗಿರಿಯ ಬೆಟ್ಟ ಕಾಣುವ ನಮ್ಮೂರಿಗೆ ಬಂದಾಗ ಅವ್ವ ಹಟ್ಟಿಯ ಮುಂದಿದ್ದಳು. ಕಾರಿನ ಸುತ್ತ ಒಮ್ಮೆ ಬಂದಳು. ಬಂದ ಕೆಲಸ ಹೇಳಿದೆ.

"ಕಾರ‍್ಗೆ ಉಣ್ಣೆನಾ? ಯಾಕವ್ವಾ, ಅದ್ಕೂ ಚಳಿ ಆಯ್ತದಾ?"

ಡ್ರೈವರು ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹಿಪ್ಪುನೇರಳೆ ತೋಟದಿಂದ ಬಂದ ನನ್ನ ಅಣ್ಣ ಎರಡು ಬಗೆಯ ಉಣ್ಣೆ ತಂದುಕೊಟ್ಟ. ಒಂದು ದೊಡ್ಡ ಕುರಿಯದು, ಕೂದಲಿನಂತೆ ಒರಟು. ಇನ್ನೊಂದು ಮರಿಗಳಿಗೆ ಮೊದಲ ಸಲ ಕತ್ತರಿ ಹಾಕಿದಾಗಿನದು, ಬೆರಳಿಗೆ ಬೆಣ್ಣೆಯಂತೆ. "ಎಲ್ಡೂ ತಗಂಡೋಗು. ಯಾವ್ದು ಆಯ್ತದೋ ನಮಗೇನು ಗೊತ್ತು," ಅಂದಳು ಅವ್ವ. ಮುದ್ದೆ ಉಣ್ಣಿಸದೆ ಬಿಡಲಿಲ್ಲ. ಸಂಜೆಯೊಳಗೆ ರಾಯದುರ್ಗಕ್ಕೆ ಮರಳಿದೆವು.

ಉಣ್ಣೆಯನ್ನು ಸೀಗೆಪುಡಿಯಲ್ಲಿ ತೊಳೆದು, ಮುಳ್ಳು ಕಡ್ಡಿ ಆರಿಸಿ, ನೆರಳಲ್ಲಿ ಒಣಗಿಸಿದೆ. ಮನೆಯಲ್ಲಿದ್ದ ಹಳೆಯ ಜೀನ್ಸ್ ಬಟ್ಟೆಯನ್ನು ದುಂಡಗೆ ಕತ್ತರಿಸಿ ಅದರ ಮೇಲೆ ಉಣ್ಣೆ ಹರಡಿ ಹೊಲಿದೆ. ಎರಡು ಬಿಲ್ಲೆಗಳಾದವು. ಮೊದಲು ದೊಡ್ಡ ಕುರಿಯದನ್ನು ಮಷೀನಿಗೆ ಹಚ್ಚಿ ಹಳೆಯ ಬಾನೆಟ್ಟಿನ ಮೇಲೆ ತಿರುಗಿಸಿದೆ. ಒಂದೇ ಗಳಿಗೆಯಲ್ಲಿ ಉಣ್ಣೆ ಕಿತ್ತು ಶೆಡ್ಡಿನ ತುಂಬ ಹಾರಿತು. ಗಂಡನ ಮೀಸೆ, ತಲೆ, ಬುತ್ತಿಡಬ್ಬಿ, ಎಲ್ಲ ಕಡೆ ಉಣ್ಣೆ. ಬಾನೆಟ್ಟಿನಲ್ಲಿ ಇದ್ದ ಗೀರಿನ ಜೊತೆಗೆ ಹೊಸವೂ ಬಿದ್ದಿದ್ದವು.

ಮರಿಯುಣ್ಣೆಯದನ್ನು ಬಿಚ್ಚಿ, ಹೊಲಿಗೆ ಒತ್ತೊತ್ತಾಗಿ ಹಾಕಿ, ಮಷೀನಿನ ವೇಗ ತಗ್ಗಿಸಿ ಮತ್ತೆ ನೋಡಿದೆ. ಸ್ವಲ್ಪ ಉದುರಿತು, ಆದರೆ ತಡೆಯಿತು. ಪಾಲಿಶ್ ಒರೆಸಿ ಬಿಸಿಲಿಗೆ ಹಿಡಿದರೆ ಬಲೆ ಇಲ್ಲ, ಹಬೆ ಹಿಡಿದ ಕನ್ನಡಿಯಂಥ ಮಂಕು ಮಾತ್ರ. ಸ್ಪಂಜಿನ ಬಿಲ್ಲೆ ಆಡಿಸಿದ ಮೇಲೆ ಅದೂ ಹೋಯಿತು. ನನಗೆ ಕೂಗಬೇಕೆನಿಸಿತು. ಕೂಗಿದೆನೇನೋ ಕೂಡ, ಪಕ್ಕದ ಪಂಕ್ಚರ್ ಅಂಗಡಿಯವರು ಇಣುಕಿ ನೋಡಿದರು.

ಆದರೂ ನೇರ ಆ ಕಾರಿನ ಮೇಲೆ ಬಿಲ್ಲೆ ಇಡಲಿಲ್ಲ. ಮೇಲ್ಪದರ ಒಮ್ಮೆ ಇಳಿದರೆ ಮರಳಿ ಬರುವುದಿಲ್ಲ. ಡ್ರೈವರನ್ನು ಕರೆಸಿ ಹಳೆಯ ಬಾನೆಟ್ಟು ತೋರಿಸಿದೆ. "ಮಾಡ್ರಿ. ಕಾಣದ ಜಾಗದಾಗ ಸುರು ಮಾಡ್ರಿ," ಅಂದು ಸ್ಟೂಲ್ ಎಳೆದುಕೊಂಡು ಕೂತರು. ಚೆನ್ನಾಗಿ ತೊಳೆದು, ರಬ್ಬರಿನ ಅಂಚುಗಳಿಗೆ ಟೇಪ್ ಅಂಟಿಸಿ, ಹಿಂಬದಿಯ ಕೆಳಮೂಲೆಯಿಂದ ಶುರುಮಾಡಿದೆ. ಒಂದೊಂದೇ ಗೇಣು, ಪ್ರತಿ ಗೇಣಿಗೂ ಕೈಯಿಟ್ಟು ಬಿಸಿ ನೋಡುವುದು, ಟಾರ್ಚ್ ಹಿಡಿಯುವುದು. ಬಾಗಿಲಿನ ಮೇಲೆ ಒಂದು ಆಳವಾದ ಗೀರಿತ್ತು. ಅಲ್ಲಿ ಪದರ ತೆಳುವಾಗಿದೆ ಎಂದು ಗಂಡ ಹೇಳಿದ್ದರಿಂದ ಅದನ್ನು ಹಾಗೇ ಬಿಟ್ಟೆ.

ಮುಗಿದ ದಿನ ಕಾರನ್ನು ಬಯಲಿಗೆ ತಂದು ನಿಲ್ಲಿಸಿದೆವು. ಡ್ರೈವರು ಬಾನೆಟ್ಟಿನ ಮುಂದೆ ಕೈಕಟ್ಟಿ ನಿಂತರು. ಬಹಳ ಹೊತ್ತು ನಿಂತರು. ನಾನು ಪಕ್ಕಕ್ಕೆ ಹೋಗಿ ನೋಡಿದೆ. ಚೂರು ಚೂರು ಬಿಳಿ ಮೋಡ, ಒಂದು ಹದ್ದು. "ಮೋಡ ಹೊಂಟೈತಿ ನೋಡ್ರಿ, ಆ ಕಡೆ," ಅಂದರು, ಮೇಲೆ ತಲೆಯೆತ್ತದೆ.

ಒಂದು ವಾರದ ಮೇಲೆ ತರಕಾರಿಗೆ ಹೋದವಳು ಬಸ್ ಸ್ಟ್ಯಾಂಡಿನ ಹತ್ತಿರ ಅವರನ್ನು ಕಂಡೆ. ಹೆಗಲ ಮೇಲಿನ ಟವಲಿನಿಂದ ಕಾರಿನ ಧೂಳನ್ನು ನೀರಿಲ್ಲದೆ ಹಾಗೇ ಒರೆಸುತ್ತಿದ್ದರು. ನಾನು ಚೀಲ ಕೆಳಗಿಟ್ಟು ಓಡಿದೆ.

"ಏನ್ ಮಾಡ್ತಿದೀರಾ! ಒಣ ಧೂಳು ಒರೆಸಿದ್ರೇ ಗೀರು ಬೀಳೋದು ಅಂದಿದ್ನಲ್ಲ!"

ಅವರ ಕೈ ಗಾಳಿಯಲ್ಲೇ ನಿಂತಿತು. "ಸುಮ್ನ ಇರು ಅಂದ್ರ ಕೈ ಕೇಳಂಗಿಲ್ರಿ. ಗಾಡಿ ನಿಂತ್ರ ಒರಸ್ಬೇಕು ಅದಕ್ಕ."

ಟವಲು ಕಿತ್ತುಕೊಂಡೆ. ಆಮೇಲೆ ಪಾಪ ಅನಿಸಿತು. ಉಳಿದ ಮರಿಯುಣ್ಣೆಯಲ್ಲಿ ಒರೆಸಲು ಒಂದು ಕೈಗವಸು ಹೊಲಿದು ಕೊಟ್ಟೆ, ನೀರು ಸುರಿದು ಧೂಳು ಹೋದ ಮೇಲೆ ಒದ್ದೆಯಲ್ಲಿ ಮಾತ್ರ ಸವರಬೇಕು ಎಂದು ಹೇಳಿ. ಈಗ ಅವರ ಹಿಂದಿನ ಸೀಟಿಲ್ಲದ ಕಾರಿನಲ್ಲಿ ಯಾವಾಗಲೂ ಒಂದು ನೀರಿನ ಕ್ಯಾನ್ ಇರುತ್ತದೆ. ಆದರೂ ಅಪರೂಪಕ್ಕೆ ಒಂದೆರಡು ಹೊಸ ಗೆರೆ ಕಾಣುತ್ತವೆ. ನಾನು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಮಷೀನ್ ಹಚ್ಚುತ್ತೇನೆ.