ತಲಿ ಒಂದು, ಜಡಿ ಎರಡು

ಎರಡು ಸಾವಿರದ ಹನ್ನೊಂದರ ಆಷಾಢ, ಮುಂಜಾನೆ ಹನ್ನೊಂದರ ಹೊತ್ತು. ಸುರಪುರ ಸೀಮೆಯಲ್ಲಿ ಜೀವಶಾಸ್ತ್ರವನ್ನು ಕನ್ನಡದಲ್ಲಿ, ಅದೂ ಮನೆಮಾತಿನ ಕನ್ನಡದಲ್ಲಿ ಕಲಿಸಿದವರೆಂದರೆ ಮೊದಲು ನೆನಪಾಗುವ ಸೌಭಾಗ್ಯ ಮೇಡಂ ಅವರು ಅಂದು ರಂಗಂಪೇಟೆಯ ನಮ್ಮ ಕಾಲೇಜಿನಲ್ಲಿ ಕೊಬ್ಬಿನ ಪಾಠಕ್ಕೆ ನಿಂತಿದ್ದರು. ಗಾಳಿ ಗೋಡೆಗೆ ತೂಗಿದ್ದ ಪಾಠದ ನಕ್ಷೆಯನ್ನು ಹರಿದೊಯ್ದಿತು. ಹೊಸದು ಬರಲು ವರ್ಷ ಹಿಡಿಯುತ್ತದೆಂದ ಪ್ರಯೋಗಾಲಯದ ಜವಾನ ಲಾಲಪ್ಪ. "ನಕ್ಷೆ ಯಾಕ ಬೇಕು ಕಾಕಾ, ಹುಡುಗ್ಯಾರು ಅದಾರಲ್ಲ" ಎಂದವರೇ ಮೇಡಂ ಹುಡುಗಿಯರನ್ನೆಲ್ಲ ಅಂಗಳಕ್ಕೆ ಕರೆದರು.

ಎಲ್ಲರಿಗೂ ರಿಬ್ಬನ್ನಿನ ಎರಡೆರಡು ಜಡೆ. ಎರಡು ಸಾಲು ಮಾಡಿ, ಬೆನ್ನಿಗೆ ಬೆನ್ನು ಕೊಡಿಸಿ ನಿಲ್ಲಿಸಿದರು. ಒಬ್ಬೊಬ್ಬ ಹುಡುಗಿಯೂ ಒಂದೊಂದು ಕೊಬ್ಬಿನ ಕಣ. ಕೊಬ್ಬಿನ ಕಣದ ತಲೆಗೆ ನೀರೆಂದರೆ ಪ್ರೀತಿ, ಅದಕ್ಕೇ ಹೊರಮುಖ. ಜಡೆಗೆ ನೀರು ಕಂಡರಾಗದು, ಅದಕ್ಕೇ ಒಳಗಡೆ. ಜೀವಕೋಶದ ಪೊರೆಯೆಂದರೆ ಹೀಗೆ ನಿಂತ ಎರಡು ಪದರ, ಬೇಕಾದ್ದನ್ನು ಬಿಟ್ಟುಕೊಂಡು ಬೇಡವಾದ್ದನ್ನು ತಡೆಯುವಂಥದ್ದು ಎಂದು ತಿಳಿಸಿದರು. ಶಹಾಪುರದ ಗಾಣದ ಮನೆಯ ಮಗಳಲ್ಲವೇ, ಚಳಿಗೆ ತುಪ್ಪ ಗಟ್ಟಿಯಾದರೂ ಕುಸುಬಿ ಎಣ್ಣೆ ಯಾಕೆ ಹರಿಯುತ್ತದೆಂಬುದಕ್ಕೂ ಜಡೆಯನ್ನೇ ಹಿಡಿದು ತೋರಿಸಿದರು. ನೆಟ್ಟಗಿನ ಜಡೆಗಳು ಒತ್ತಾಗಿ ಕೂಡುತ್ತವೆ, ಸೊಟ್ಟವು ಕೂಡುವುದಿಲ್ಲ.

ಆ ಸಾಲಿನಲ್ಲಿ ಕೂಲಿಕಾರರ ಮಗಳು ಯಂಕಮ್ಮ ಇದ್ದಳು. ಉಪವಾಸ ಬರುತ್ತಿದ್ದ ಅವಳಿಗೆಂದೇ ಮೇಡಂ ಎರಡು ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ ಹೆಚ್ಚು ಕಟ್ಟಿ ತರುತ್ತಿದ್ದರು. ಮುಂದಿನ ವರ್ಷದ ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆಗೆ ಯಂಕಮ್ಮ, "ಕೊಬ್ಬಿನ ಕಣಕ್ಕ ತಲಿ ಒಂದು, ಜಡಿ ಎರಡು" ಎಂದು ಬರೆದು ಚಿತ್ರವನ್ನೂ ಬಿಡಿಸಿದಳು. ಜಡೆಗೆ ಪುಸ್ತಕದ ಮಾತು 'ಬಾಲ'. ಯಾರೋ ಮೌಲ್ಯಮಾಪಕರು ಸೊನ್ನೆ ಸುತ್ತಿದರು. ಬಂದದ್ದು ಮೂವತ್ತೊಂದು, ಬೇಕಾದದ್ದು ಮೂವತ್ತೈದು. ಪಾಸಾಗದಿದ್ದರೆ ನರ್ಸಿಂಗ್ ಸೀಟಿಲ್ಲ, ಹತ್ತಿ ಬಿಡಿಸುವ ಕೂಲಿಯೇ ಗತಿ.

ಉತ್ತರ ಪತ್ರಿಕೆಯ ನಕಲು ಹಿಡಿದು ಮೇಡಂ ಪರೀಕ್ಷಾ ಇಲಾಖೆಯ ಕಚೇರಿಗೆ ಹೋದರು. ಅಲ್ಲಿಯವರು ಮೂರು ಸಲ ಸಾಗಹಾಕಿದರು. ನಾಲ್ಕನೆಯ ಸಲ ಮೇಡಂ ಕದಲದೆ ಸಂಜೆಯವರೆಗೂ ಪಡಸಾಲೆಯಲ್ಲಿ ಕೂತರು. ಹೊರಬಂದ ಅಧಿಕಾರಿ, "ನಿಮಗೆ ಕೊಬ್ಬು ಜಾಸ್ತಿ ಆಯ್ತು ಮೇಡಂ" ಎಂದರು.

"ಹೌದ್ರಿ ಸರ. ಅದು ಇಲ್ಲಂದ್ರ ನಿಮ್ಮ ಮೈಯಾಗ ಒಂದು ಕೋಶನೂ ನಿಂದ್ರಂಗಿಲ್ಲ. ಜಡಿ ಅನ್ನೋ ಮಾತು ನಂದದ. ಬಡಿಯೂದಿದ್ರ ನನಗ ಬಡೀರಿ, ಹುಡುಗಿಗಿ ಅಲ್ಲ."

ಪತ್ರಿಕೆ ಬೇರೊಬ್ಬರ ಕೈಗೆ ಹೋಯಿತು. ನಾಲ್ಕು ಅಂಕ ಬಂದವು; 'ಭಾಷೆ ಸರಿಯಿಲ್ಲ' ಎಂದು ಒಂದನ್ನು ಕಡಿದಿದ್ದರು. ಯಂಕಮ್ಮ ದಡ ಸೇರಿದಳು, ಇಂದು ಯಾದಗಿರಿಯಲ್ಲಿ ನರ್ಸು. ಆದರೆ ಮೇಡಂ ಸುಮ್ಮನಾಗಲಿಲ್ಲ. ಆ ಒಂದು ಅಂಕ ಕೇಳಿ ವರ್ಷಕ್ಕೊಂದು ಪತ್ರ ಬರೆಯುತ್ತ ಬಂದರು. ಹುಡುಗಿ ಪಾಸಾಗಿದ್ದಾಳಲ್ಲ, ಇನ್ನು ಬಿಡಿ ಎಂದು ಸಹೋದ್ಯೋಗಿಗಳು ನಗುತ್ತಿದ್ದರು. "ಪಾಸ್ ಆಕಿ ಆಗ್ಯಾಳ್ರಿ," ಎನ್ನುತ್ತಿದ್ದರು ಮೇಡಂ, "ನಮ್ಮ ಮಾತು ಇನ್ನಾ ಫೇಲ್ ಅದ."

ಹದಿಮೂರು ಪತ್ರಗಳಾದವು, ಒಂದಕ್ಕೂ ಉತ್ತರವಿಲ್ಲ. ಉತ್ತರ ಬರುವವರೆಗೆ ಮಾತ್ರವಲ್ಲ, ಬಂದ ಮೇಲೂ ಬಹುಕಾಲ ಅವರ ಲೇಖನಿ ಹೀಗೇ ನೆಟ್ಟಗಿರಲಿ. ಮೈಗೆ ಸುಖ, ಕಣ್ಣಿಗೆ ಬೆಳಕು ಇರಲಿ. ಎರಡು ಸಾವಿರದ ಇಪ್ಪತ್ತೈದರ ಮೇ ಮೂವತ್ತೊಂದು, ಶನಿವಾರ, ಸೌಭಾಗ್ಯ ಮೇಡಂ ನಿವೃತ್ತರಾಗಿ ಬೀಗದ ಕೈ, ಸೂಕ್ಷ್ಮದರ್ಶಕ, ದಾಸ್ತಾನು ಪುಸ್ತಕ ಎಲ್ಲವನ್ನೂ ಒಪ್ಪಿಸಿದರು. ಆ ಪತ್ರಗಳ ಕಡತವನ್ನು ಮಾತ್ರ ಒಪ್ಪಿಸದೆ, ಕಂಕುಳಲ್ಲಿ ಇಟ್ಟುಕೊಂಡು ಶಹಾಪುರದ ಬಸ್ಸು ಹತ್ತಿದರು.