ನರಗುಂದದ ಕ್ಯಾಸೆಟ್

ಹಳೇ ವಿಡಿಯೋ ಗೇಮ್ ಕ್ಯಾಸೆಟ್ಟಿನ ನಂಬರ್ ನೋಡಿ, ಇದು ಜಪಾನಿಂದು, ಇದು ಅಮೆರಿಕಾದ್ದು ಅಂತ ಒಂದು ವೆಬ್‌ಸೈಟಿಗೆ ಸೇರಿಸೋ ಹುಚ್ಚು ನನಗ. ಅದಕ್ಕಂತನ ನರಗುಂದದಿಂದ ಗಜೇಂದ್ರಗಡಕ್ಕ ಹೋಗಿದ್ದೆ. ಹಿಂದಕ ಗೇಮ್ ಬಾಡಿಗಿ ಕೊಡ್ತಿದ್ದ ಚಾಚಾ ಒಬ್ಬರು, ಮ್ಯಾಲ ಒಂದೇ ಚಿತ್ರ ಅಂಟಿಸಿದ್ದ ಎರಡು ಕ್ಯಾಸೆಟ್ ಮುಂದಿಟ್ಟರು.

"ಇದು ರೋಣದ್ದು, ಇದು ನರಗುಂದದ್ದು."

"ಎರಡೂ ಒಂದೇ ಅಲ್ರೀ ಚಾಚಾ?"

"ಹಚ್ಚಿ ನೋಡಪಾ."

ರೋಣದ್ದರಾಗ ಮೂರು ಸಲ ಸತ್ತರ ಆಟ ಮುಗೀತು. ನರಗುಂದದ್ದರಾಗ ಎಷ್ಟು ಸತ್ತರೂ ಗೊಂಬಿ ಮತ್ತ ಎದ್ದು ನಿಲ್ಲತಿತ್ತು.

"ನಿಮ್ಮೂರ ಮಂದಿ ಸೋಲು ಒಪ್ಪತಿದ್ದಿಲ್ಲ. ಜಗಳ ಬ್ಯಾಡಂತ ಅಲ್ಲಿಗೆ ಇದನ್ನ ಕಳಸ್ತಿದ್ದೆ," ಅಂದರು ಚಾಚಾ.

ನನ್ನ ಎದಿ ಉಬ್ಬಿತು. ವೆಬ್‌ಸೈಟಿನಾಗ ಜಪಾನ್, ಅಮೆರಿಕಾದ ಕೆಳಗ 'ನರಗುಂದ' ಅಂತ ಸೇರಿಸಿದೆ. ಪರದೇಶದವನೊಬ್ಬ, ಅದು ಯಾವ ದೇಶದಾಗ ಬರತೈತಿ ಅಂತ ಕೇಳಿದ.

"ಅದೇ ಒಂದು ಸಂಸ್ಥಾನ," ಅಂತ ಬರದೆ. ಸುಳ್ಳೇನಲ್ಲ, ಸುದ್ದಿ ಸ್ವಲ್ಪ ಹಳೇದು ಅಷ್ಟ.